ದುರ್ಗಪ್ಪನ ಜೀಪಿಗೆ ಎರಡು ಪಂಪು ಹಾಕಿದ್ದು

ಗ್ಯಾರೇಜಿನ ಷಟರು ಕೊನೆಯ ಸಲ ಎಳೆದು ಮನೆ ಸೇರಿದ ಮೇಲೆ ಸಿಕ್ಕವರೆಲ್ಲ ಕೇಳುತ್ತಾರೆ, ಎಷ್ಟು ಗಾಡಿ ರಿಪೇರಿ ಮಾಡಿರಬಹುದು ಎಂದು. ಲೆಕ್ಕ ಇಟ್ಟವನಲ್ಲ ನಾನು. ನಿಜ ಹೇಳಬೇಕೆಂದರೆ ಗಾಡಿಗಳು ಅಷ್ಟಾಗಿ ನೆನಪಿಲ್ಲ, ಕೆಲವು ಅಂಗಳಗಳು ನೆನಪಿವೆ. ರಾಯಚೂರಿನ ನಮ್ಮ ಗ್ಯಾರೇಜಿನವರೆಗೆ ಬರಲಾರದೆ ನಿಂತುಬಿಟ್ಟ ಗಾಡಿಗಳಿದ್ದವು. ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು, ಬಸ್ಸು ಹತ್ತಿ, ಅಂಥ ಗಾಡಿಯ ಮನೆ ಬಾಗಿಲಿಗೆ ನಾನೇ ಹೋಗುತ್ತಿದ್ದೆ.

ಈಗ ಈ ಕಸುಬಿಗೆ ಬರುವ ಹುಡುಗರು ಮೊಬೈಲಿನಲ್ಲಿ ನೋಡಿ ಅರ್ಧ ಕಲಿತೇ ಬಂದಿರುತ್ತಾರೆ. ಒಳ್ಳೆಯದೇ. ಬೋಲ್ಟನ್ನು ಯಾವ ಕಡೆಗೆ ತಿರುಗಿಸಬೇಕೆಂದು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಒಬ್ಬರ ಮನೆಯ ಅಂಗಳದಲ್ಲಿ ಕೂತು ಗಾಡಿ ಬಿಚ್ಚುವಾಗ ಹೊಸ್ತಿಲ ಮೇಲೆ ಕೂತವರು ಏನೇನು ಕೇಳಬಹುದು, ಅದಕ್ಕೆ ನೀವು ಏನು ಹೇಳಬೇಕು, ಅದು ಯಾವ ವಿಡಿಯೋದಲ್ಲೂ ಇಲ್ಲ. ನನಗೂ ಯಾರೂ ಕಲಿಸಿರಲಿಲ್ಲ.

ನಾನು ಬೀರಪ್ಪ, ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನ ಕುರಿಗಾರರ ಮನೆಯವನು. ಕುರಿಯ ಹಿಂದೆ ತಿರುಗುವ ಮನಸ್ಸಿಲ್ಲದೆ ರಾಯಚೂರಿಗೆ ಬಂದು ಇಮಾಮ್ ಸಾಬ್ ಎಂಬ ಉಸ್ತಾದರ ಗ್ಯಾರೇಜು ಸೇರಿದೆ. ಉಸ್ತಾದರಿಗೆ ಮಾತು ಕಡಿಮೆ, ಕೈ ಜಾಸ್ತಿ. ಬೋಲ್ಟು ತಿರುಗಿಸುವ ಪಾನಾ ಹಿಡಿಯುವುದರಲ್ಲೂ ಹಾಗೆ, ನಮ್ಮ ಬೆನ್ನಿಗೆ ಕೊಡುವುದರಲ್ಲೂ ಹಾಗೆ.

ಆಗೆಲ್ಲ ನೀರಿನ ಪಂಪು ಕೆಟ್ಟರೆ ಹೊಸದು ತರುವ ರೂಢಿ ಇರಲಿಲ್ಲ. ಇಂಜಿನ್ನಿನ ಕಾವನ್ನು ಇಳಿಸಲು ನೀರನ್ನು ರೇಡಿಯೇಟರಿನಿಂದ ಇಂಜಿನ್ನಿಗೆ, ಇಂಜಿನ್ನಿನಿಂದ ಮತ್ತೆ ರೇಡಿಯೇಟರಿಗೆ ತಿರುಗಿಸುತ್ತಲೇ ಇರುವುದು ಈ ಪಂಪಿನ ಕೆಲಸ. ಹಳೆಯದನ್ನೇ ಬಿಚ್ಚಿ, ಬೇರಿಂಗನ್ನು ಒತ್ತಿ ಹೊರಗೆ ತೆಗೆದು, ನೀರು ಸೋರದಂತೆ ತಡೆಯುವ ಹೊಸ ಸೀಲು ಕೂರಿಸಿ, ಮತ್ತೆ ಜೋಡಿಸುವಷ್ಟರಲ್ಲಿ ದಿನ ಕಳೆಯುತ್ತಿತ್ತು. ಈಗ ಡಬ್ಬಿ ಒಡೆದರೆ ಹೊಸ ಪಂಪು. ಸ್ಟೇರಿಂಗಿಗೆ ಎಣ್ಣೆಯ ಒತ್ತಡ ಕೊಟ್ಟು ಹಗುರ ಮಾಡುವ ಪವರ್ ಸ್ಟೇರಿಂಗ್ ಪಂಪು ನಮ್ಮ ಕಡೆಗೆ ಬಂದದ್ದು ಎಷ್ಟೋ ತಡವಾಗಿ. ಉಸ್ತಾದರಿಗೆ ಅದರ ಮೇಲೆ ಭರವಸೆ ಇರಲಿಲ್ಲ. “ಸ್ಟೇರಿಂಗ್ ಭಾರ ಇದ್ರ ಡ್ರೈವರ್ ಎಚ್ಚರ ಇರ್ತಾನ ಬೇಟಾ. ಹಗುರ ಮಾಡಿದ್ರ ಮಲಗಿಬಿಡ್ತಾನ,” ಅನ್ನುತ್ತಿದ್ದರು.

ಅಂಥ ಉಸ್ತಾದರೂ ಒಂದು ಸಲ ತಪ್ಪಿದರು. ದೇವಸುಗೂರು ಕಡೆಯಿಂದ ಒಂದು ಲಾರಿ ಕುದಿಯುತ್ತ ಬಂದು ಗ್ಯಾರೇಜಿನ ಮುಂದೆ ನಿಂತಿತು. ಡ್ರೈವರಿಗೆ ಎಲ್ಲಿಲ್ಲದ ಅವಸರ. ನೀರು ಹಾಕಿ ಕಳಿಸ್ರಿ, ನೀರು ಹಾಕಿ ಕಳಿಸ್ರಿ ಎಂದು ತಲೆಯ ಮೇಲೆ ಕೂತ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬಾರದೆಂದು ನಮಗೆಲ್ಲ ಹೊಡೆದು ಕಲಿಸಿದ ಮನುಷ್ಯ, ಅವತ್ತು ಒಂದು ಬಟ್ಟೆ ಸುತ್ತಿ ತಾವೇ ತೆಗೆದುಬಿಟ್ಟರು. ಕುದಿ ನೀರು ಮುಂಗೈಯಿಂದ ಭುಜದವರೆಗೂ ಹಾರಿತು. ಗಾಯ ಮಾಯ್ದರೂ ಬಲಗೈ ಬೆರಳುಗಳು ಮತ್ತೆ ಪೂರ್ತಿ ಮಡಚಲಿಲ್ಲ. ಆಮೇಲೆ ಅವರು ಕುರ್ಚಿಯಲ್ಲಿ ಕೂತು ಬಾಯಲ್ಲೇ ಕೆಲಸ ಹೇಳುತ್ತಿದ್ದರು. ನಾನು ಬೋಲ್ಟು ಬಿಗಿಯುವಾಗ ಅವರ ಬೆರಳುಗಳು ಮೊಣಕಾಲಿನ ಮೇಲೆ ತಾವೇ ಅಲುಗಾಡುತ್ತಿದ್ದವು. ಅದನ್ನು ನೋಡಲಾಗದೆ ನಾನು ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದೆ. ಅವರು ತೀರಿಕೊಂಡ ಮೇಲೂ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಗ್ಯಾರೇಜು ನನಗೇ ಬಂತು.

ಮನೆ ಬಾಗಿಲಿಗೆ ಹೋಗಿ ಕೆಲಸ ಮಾಡುವುದು ಶುರುವಾದದ್ದು ಆಮೇಲೆ. ಮಾನ್ವಿಯ ಒಬ್ಬ ಅಕ್ಕಿ ವ್ಯಾಪಾರಿಯ ಕಾರು ನೆನಪಾಗುತ್ತದೆ. ಸ್ಟೇರಿಂಗು ಭಾರವಾಯಿತೆಂದು ಆತ ತಾನೇ ಎಣ್ಣೆ ಸುರಿದಿದ್ದ, ಅದೂ ಬ್ರೇಕಿನ ಎಣ್ಣೆ. ಒಳಗಿನ ರಬ್ಬರೆಲ್ಲ ಉಬ್ಬಿ ಪಂಪು ನರಿ ಕೂಗಿದಂತೆ ಕೂಗುತ್ತಿತ್ತು. ಅವನ ಹೆಂಡತಿ ಬಾಗಿಲಲ್ಲಿ ನಿಂತು, “ಎಣ್ಣಿ ಎಣ್ಣಿ ಎಲ್ಲಾ ಒಂದ ಅಂದ್ರು ನೋಡ್ರಿ. ನಾಳಿ ಸಾರಿಗೆ ಹರಳೆಣ್ಣಿ ಒಗ್ಗರಣಿ ಹಾಕ್ತೀನಿ,” ಎಂದಳು. ಅವತ್ತು ನಕ್ಕು ಬಂದೆ. ಎಲ್ಲ ಅಂಗಳಗಳಿಂದಲೂ ಹಾಗೆ ನಕ್ಕು ಬರಲಾಗಲಿಲ್ಲ.

ದೇವದುರ್ಗದಿಂದ ಆ ಫೋನು ಬಂದಾಗ ನಾನು ಬೆನ್ನುನೋವಿನಿಂದ ಕೆಲಸ ಕಡಿಮೆ ಮಾಡಿದ್ದೆ. ಹೆಂಗಸಿನ ದನಿ. “ಯಪ್ಪಾ, ನಮ್ಮ ಜೀಪಿಗೆ ನೀರಿನ ಪಂಪ್ ಹಾಕಬೇಕ್ರಿ. ಸ್ಟೇರಿಂಗ್ ಪಂಪೂ ಹಾಕಬೇಕ್ರಿ. ಗಾಡಿ ಬರಂಗಿಲ್ಲ, ನೀವ ಬರಬೇಕ್ರಿ,” ಎಂದಳು.

“ಈಗಿನ ತ್ರಾಸು ಯಾವುದವ್ವಾ? ನೀರಿಂದೋ, ಸ್ಟೇರಿಂಗಿಂದೋ?” ಎಂದು ಕೇಳಿದೆ.

“ಎರಡೂ ರೀ. ಸ್ಟೇರಿಂಗ್ ನನ್ನ ಕೈಗೆ ತಿರುಗುವಂಗ ಆಗಬೇಕ್ರಿ. ಇನ್ನ ಮ್ಯಾಲ ನಾನ ಓಡಸಾಕಿ.”

ಗಾಡಿಯ ವಿವರ ಕೇಳಿ, ರಾಯಚೂರಿನಲ್ಲೇ ಎರಡೂ ಪಂಪು, ಬೆಲ್ಟು, ಎಣ್ಣೆ ಕೊಂಡು ಬೆಳಗಿನ ಬಸ್ಸಿಗೆ ಹೋದೆ. ಮನೆ ಊರಿನ ಅಂಚಿನಲ್ಲಿತ್ತು. ಅಂಗಳದ ಬೇವಿನ ಗಿಡದ ಕೆಳಗೆ ಹಿಂಭಾಗದಲ್ಲಿ ಎದುರುಬದುರು ಬೆಂಚುಗಳಿದ್ದ ಡೀಸೆಲ್ ಜೀಪು. ಮೈಯೆಲ್ಲ ಧೂಳು, ಗಾಳಿ ಇಳಿದ ಗಾಲಿಗಳು, ಬಾನೆಟ್ಟಿನ ಮೇಲೆ ಕೋಳಿ ಹಿಕ್ಕೆ. ಗಿಡದ ಆ ಕಡೆಗೆ, ಜೀಪಿಗೆ ಬೆನ್ನು ಮಾಡಿ, ಗಟ್ಟಿಮುಟ್ಟಾದ ಒಬ್ಬ ಮನುಷ್ಯ ಕಲ್ಲಿನ ಮೇಲೆ ಕೂತಿದ್ದ. ನಾನು ನಮಸ್ಕಾರ ಎಂದೆ. ತಿರುಗಲಿಲ್ಲ.

ಫೋನು ಮಾಡಿದ ಹೆಂಗಸು ಹುಲಿಗೆಮ್ಮ. ಆತ ಅವಳ ಗಂಡ ದುರ್ಗಪ್ಪ. ಚಹಾ ಕೊಡುವ ನೆಪದಲ್ಲಿ ನನ್ನನ್ನು ಒಳಗೆ ಕರೆದು ಎಲ್ಲ ಹೇಳಿದಳು. ದುರ್ಗಪ್ಪ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಂಗಸರನ್ನು ಹೊಲದಿಂದ ಹೊಲಕ್ಕೆ ಒಯ್ಯುತ್ತಿದ್ದ ಡ್ರೈವರು. ಒಬ್ಬಳೇ ಮಗಳು, ರೇಣುಕಾ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾದ ಮೇಲೆ ರಕ್ತ ನಿಲ್ಲಲಿಲ್ಲ, ಮನೆಗೆ ಬಂದು ನೋಡಿದ ನರ್ಸು ತಡ ಮಾಡದೆ ರಾಯಚೂರಿಗೆ ಒಯ್ಯಿರಿ ಎಂದಳು. ಆಂಬುಲೆನ್ಸಿಗೆ ಫೋನು ಮಾಡಲು ಹೊರಟವರನ್ನು ದುರ್ಗಪ್ಪ ತಡೆದ. ಅಂಗಳದಾಗ ನನ್ನ ಗಾಡಿ ಇರುವಾಗ ಮಂದಿ ಗಾಡಿಗೆ ಯಾಕ ಕಾಯಬೇಕು ಎಂದ. ಹಿಂದಿನ ಬೆಂಚಿನ ಮೇಲೆ ಹಾಸಿಗೆ ಹಾಸಿ ಮಗಳನ್ನು ಮಲಗಿಸಿಕೊಂಡು ಹೊರಟರು. ಗಬ್ಬೂರು ದಾಟಿದ ಮೇಲೆ ಮುಂದಿನಿಂದ ಕಟಕಟ ಸದ್ದು ಬಂತು, ಆಮೇಲೆ ಹೊಗೆಯಂತೆ ಹಬೆ. ಗಾಡಿ ನಿಂತಿತು. ನಡು ಮಧ್ಯಾಹ್ನ, ಖಾಲಿ ರಸ್ತೆ. ಇನ್ನೊಂದು ಗಾಡಿ ಸಿಗುವಷ್ಟರಲ್ಲಿ ಮಗಳೂ ಹೋದಳು, ಹೊಟ್ಟೆಯೊಳಗಿನ ಕೂಸೂ ಹೋಯಿತು.

ಯಾರೋ ಟ್ರ್ಯಾಕ್ಟರಿಗೆ ಕಟ್ಟಿ ಜೀಪನ್ನು ಎಳೆದು ತಂದು ಅಂಗಳದಲ್ಲಿ ಬಿಟ್ಟರು. ಅಂದಿನಿಂದ ಅದು ಅಲ್ಲೇ ಇತ್ತು.

“ಮಾರೂದಿಲ್ಲ ಅಂತಾರ, ರಿಪೇರಿನೂ ಬ್ಯಾಡ ಅಂತಾರ,” ಎಂದಳು ಹುಲಿಗೆಮ್ಮ. “ವರ್ಷ ಆತು, ಬೆಳಗಾ ಮುಂಜೇಲಿ ಬಾಗಿಲು ತೆರದ್ರ ಅದ ಕಾಣ್ತದ. ಹೆಣ ಕಾದಂಗ ಕಾಯಾಕತ್ತೀವಿ ಇಬ್ಬರೂ. ನಮ್ಮಣ್ಣನ ಗಾಡಿ ಮ್ಯಾಲ ಓಡಸೋದು ಕಲಿತೀನಿ, ಲೈಸೆನ್ಸೂ ಆಗ್ಯಾದ. ಇದು ರಸ್ತೆ ಹತ್ತಬೇಕ್ರಿ ಯಪ್ಪಾ. ಇಲ್ಲಂದ್ರ ನಾವಿಬ್ಬರೂ ಇದರ ಸಂಗಾಟ ತುಕ್ಕು ಹಿಡಿದು ಹೋಗ್ತೀವಿ.”

ಹೊರಗೆ ಬಂದು ಬಾನೆಟ್ಟು ಎತ್ತಿದೆ. ಮೊದಲು ಇಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿದೆ, ತಿರುಗಿತು. ಎಣ್ಣೆಯಲ್ಲಿ ನೀರು ಬೆರೆತಿರಲಿಲ್ಲ. ಅಂದರೆ ಹಬೆ ಕಂಡ ಕೂಡಲೆ ದುರ್ಗಪ್ಪ ನಿಲ್ಲಿಸಿದ್ದ, ಇಂಜಿನ್ನು ಉಳಿದಿತ್ತು. ಬ್ಯಾಟರಿಯ ತಂತಿ ಬಿಚ್ಚಿ, ಕೆಳಗೆ ಬುಟ್ಟಿ ಇಟ್ಟು, ರೇಡಿಯೇಟರಿನಲ್ಲಿ ಉಳಿದಿದ್ದ ಕೆಂಪು ನೀರು ಇಳಿಸಿದೆ. ಫ್ಯಾನು ತೆಗೆದೆ. ಸ್ಟೇರಿಂಗ್ ಪಂಪು ಅಡ್ಡ ಬರುತ್ತದೆ, ಅದನ್ನು ಮೊದಲು ಬಿಚ್ಚಬೇಕು. ಅದಕ್ಕೆ ಬೆಲ್ಟೇ ಇರಲಿಲ್ಲ. ಸೋರುತ್ತದೆಂದು ಬೆಲ್ಟು ಕಿತ್ತೆಸೆದು ದುರ್ಗಪ್ಪ ಬರೀ ತೋಳಬಲದಿಂದ ಆ ಗಾಡಿ ತಿರುಗಿಸುತ್ತಿದ್ದ. ಅವನ ತೋಳು ನೋಡಿದರೆ ನಂಬಬಹುದಿತ್ತು. ಪೈಪುಗಳ ಬಾಯಿಗೆ ಧೂಳು ಹೋಗದಂತೆ ಶುದ್ಧ ಬಟ್ಟೆ ತುರುಕಿ ಪಂಪು ಕೆಳಗಿಟ್ಟೆ.

ನೀರಿನ ಪಂಪಿನ ಬೋಲ್ಟುಗಳು ಒಂದೇ ಉದ್ದದವಲ್ಲ. ಹುಡುಗರೇ, ಒಂದು ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು, ಯಾವ ತೂತಿನದು ಆ ತೂತಿನಲ್ಲೇ ಚುಚ್ಚಿಡಿ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ಇಂಜಿನ್ನಿನ ಮೈಯೇ ಸೀಳುತ್ತದೆ. ಒಂದು ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಡೀಸೆಲ್ ಬಿಟ್ಟು ಕಾದೆ, ಮೆಲ್ಲಗೆ ತಟ್ಟಿದೆ. ಕೊನೆಗೆ ಅದು ಬಂತು, ಆದರೆ ತಿರುಪಿನ ಎಳೆಗಳೆಲ್ಲ ಸವೆದು ಹೋಗಿದ್ದವು. ಹೊಸದು ತೆಗೆದುಕೊಂಡು ಮರುದಿನ ಮತ್ತೆ ಬರಬೇಕಾಯಿತು.

ಪಂಪು ಕೈಗೆ ಬಂದ ಮೇಲೆ ತಿರುಗಿಸಿ ನೋಡಿದೆ.

ನೀರಿನ ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ತಯಾರಿಸಿದವರು ಬೇಕೆಂದೇ ಬಿಟ್ಟದ್ದು. ಒಳಗಿನ ಸೀಲು ಸವೆದರೆ ನೀರು ಆ ತೂತಿನಿಂದ ಹನಿಯುತ್ತದೆ. ಹನಿ ಕಂಡರೆ ಪಂಪು ಬದಲಿಸಬೇಕು. ಈ ಪಂಪಿನ ತೂತನ್ನು ಯಾರೋ ಮುಚ್ಚಿದ್ದರು. ಎರಡು ಬಣ್ಣದ ಮುದ್ದೆ ಬೆರೆಸಿ ಹಚ್ಚುತ್ತಾರಲ್ಲ, ಒಣಗಿದ ಮೇಲೆ ಕಲ್ಲಾಗುವ ಅಂಟು, ಅದನ್ನು ಒತ್ತಿ ಮೆತ್ತಿದ್ದರು. ಮೇಲೆ ಹೆಬ್ಬೆರಳಿನ ಗುರುತು ಹಾಗೇ ಮೂಡಿತ್ತು. ಹೊರಗೆ ಬರಲು ದಾರಿ ಇಲ್ಲದ ನೀರು ಒಳಗೇ ಬೇರಿಂಗಿಗೆ ನುಗ್ಗಿ ಅದನ್ನು ತಿಂದು ಹಾಕಿತ್ತು.

ಆ ಪಂಪನ್ನು ಬೋರಲು ಮಾಡಿ ಗೋಣಿಚೀಲದಲ್ಲಿ ಹಾಕಿದೆ. ಕಣ್ಣಿಗೆ ಬೀಳದಂತೆ ಒಯ್ದು ಗುಜರಿಗೆ ಕೊಟ್ಟುಬಿಡೋಣ ಎಂದುಕೊಂಡೆ.

“ತೋರಸ್ರಿ.”

ದುರ್ಗಪ್ಪ ಎದ್ದು ಬಂದು ನನ್ನ ಹಿಂದೆ ನಿಂತಿದ್ದ. “ಏನೂ ಇಲ್ಲ ತಗೊ, ಹಳೇ ಪಂಪು,” ಎಂದೆ. ಅವನು ತಾನೇ ಬಗ್ಗಿ ಚೀಲದಿಂದ ತೆಗೆದ. ಪಂಪಿನ ತಿರುಗುವ ದಂಡ ಹಿಡಿದು ಅಲುಗಿಸಿದ, ಸಡಿಲ ಹಲ್ಲಿನಂತೆ ಅಲುಗಿತು. ಅಂಗೈಯಲ್ಲಿ ಅಂಗಾತ ಇಟ್ಟುಕೊಂಡು ಬಹಳ ಹೊತ್ತು ನೋಡಿದ.

“ಇದು ಮೊದಲ ಬದಲಸಿದ್ರ ಆ ದಿನ ರಾಯಚೂರು ಮುಟ್ಟತಿದ್ವೇನ್ರಿ?”

ನಾನು ಸುಳ್ಳು ಹೇಳಿದೆ. “ಮಿಷನ್ನು ದುರ್ಗಪ್ಪಾ. ಹೊಸಾದೂ ಒಮ್ಮೊಮ್ಮೆ ದಾರ್‍ಯಾಗ ಕೈ ಕೊಡ್ತದ. ನಮ್ಮ ಕೈಯಾಗ ಏನದ?”

“ನಾನೂ ಡ್ರೈವರ್ ಅದೀನ್ರಿ,” ಎಂದ. ದನಿ ಏರಲಿಲ್ಲ. “ಊರಾಗ ಎಲ್ಲರೂ ಹಣೆಬರಹ ಅಂತಾರ. ಬೀಗರು ಬಂದು ಹಣೆಬರಹ ಅಂದ್ರು. ಅಳಿಯ ನನ್ನ ಕಾಲು ಹಿಡಿದು ಹಣೆಬರಹ ಮಾವಾ ಅಂದ. ವರ್ಷ ಆತು, ಒಬ್ಬರೂ ಖರೇ ಹೇಳವಲ್ರು. ನಿಮಗ ಇದು ತಿಳೀತದ. ನೀವ ಹೇಳ್ರಿ.”

ಇಷ್ಟು ವರ್ಷದ ಕಸುಬಿನಲ್ಲಿ ನನಗೆ ಅಷ್ಟು ಕಷ್ಟದ ಮಾತು ಯಾವುದೂ ಇರಲಿಲ್ಲ. ಅವನ ಮುಖ ನೋಡಿದೆ. ಆ ಮನುಷ್ಯನಿಗೆ ಸಮಾಧಾನದ ಮಾತು ಸಾಕಾಗಿ ಹೋಗಿತ್ತು.

“ಹೌದು,” ಎಂದೆ. “ಮುಟ್ಟತಿದ್ರಿ. ಹನಿ ಬಿದ್ದಾಗ ಬದಲಸಬೇಕಿತ್ತು. ತೂತು ಮುಚ್ಚಬಾರದಿತ್ತು.”

ದುರ್ಗಪ್ಪ ಪಂಪನ್ನು ಹೊಟ್ಟೆಗೆ ಒತ್ತಿಕೊಂಡು ನೆಲದ ಮೇಲೆ ಕೂತು ಅತ್ತ. ಮಗಳ ಮಣ್ಣಿನ ದಿನವೂ ಅವನು ಅತ್ತಿರಲಿಲ್ಲವಂತೆ, ಆಮೇಲೆ ಹುಲಿಗೆಮ್ಮ ಹೇಳಿದಳು. ಅಳುತ್ತಲೇ ಬಿಡಿ ಬಿಡಿಯಾಗಿ ಮಾತಾಡಿದ. ಹತ್ತಿ ಬಿಡಿಸುವ ದಿನಗಳು, ನಸುಕಿನಲ್ಲೇ ಹೆಂಗಸರು ಬಂದು ಕಾಯುತ್ತಿದ್ದರು, ಒಂದು ದಿನ ಗಾಡಿ ನಿಲ್ಲಿಸಿದರೆ ಅವರಿಗೂ ಕೂಲಿ ಇಲ್ಲ. ಸುಗ್ಗಿ ಮುಗಿಯಲಿ, ಆಮೇಲೆ ಹಾಕಿಸೋಣ ಎಂದು ಅಂಟು ಹಚ್ಚಿದ್ದ. “ಸೋರೋದು ನಿಂತಿತ್ರಿ. ಸುಧಾರಿಸ್ತು ಅನಕೊಂಡೆ. ಖುಷಿ ಆಗಿದ್ನಿರಿ ನಾನು.”

ಹುಲಿಗೆಮ್ಮ ಯಾವಾಗ ಬಂದಳೋ ಗೊತ್ತಿಲ್ಲ. ಗಂಡನ ಪಕ್ಕದಲ್ಲಿ ಕೂತು, ಅವನ ಕೈಯಿಂದ ಪಂಪು ಬಿಡಿಸಿಕೊಂಡು, ಆ ಗಟ್ಟಿಯಾದ ಅಂಟಿನ ಮೇಲೆ ತನ್ನ ಬೆರಳಾಡಿಸಿದಳು.

“ಇದನ್ನ ನಾದಿ ಕೊಟ್ಟಾಕಿ ನಾನ,” ಎಂದಳು. “ರೊಟ್ಟಿ ಹಿಟ್ಟು ನಾದಿದಂಗ ನಾದಿ ಕೊಟ್ಟಿನಿ. ಇದೇನು, ಯಾಕ ಅಂತ ಒಂದು ಮಾತು ಕೇಳಲಿಲ್ಲ. ನೀವೊಬ್ಬರ ಅಲ್ಲ.”

ದುರ್ಗಪ್ಪ ತಲೆ ಎತ್ತಿ ಅವಳನ್ನು ನೋಡಿದ. ವರ್ಷವೆಲ್ಲ ಇಬ್ಬರೂ ಒಂದೇ ಮನೆಯಲ್ಲಿ ಇದನ್ನೇ ಬೇರೆ ಬೇರೆಯಾಗಿ ಹೊತ್ತುಕೊಂಡು ಓಡಾಡಿದ್ದರು. ನಾನು ಪಾನಾ ಕೆಳಗಿಟ್ಟು ಓಣಿಯ ತುದಿಯವರೆಗೆ ನಡೆದುಹೋದೆ. ಸಂಜೆಯ ಬಸ್ಸಿಗೆ ರಾಯಚೂರಿಗೆ ಬಂದೆ.

ಮರುದಿನ ಬೋಲ್ಟು ತೆಗೆದುಕೊಂಡು ಹೋದಾಗ ಜೀಪು ತೊಳೆದಾಗಿತ್ತು, ಗಾಲಿಗೆ ಗಾಳಿ ತುಂಬಿತ್ತು, ಬ್ಯಾಟರಿಯನ್ನು ಚಾರ್ಜು ಮಾಡಿಸಿ ತಂದಿದ್ದರು. ದುರ್ಗಪ್ಪ ಬನಿಯನ್ನಿನಲ್ಲಿ ನಿಂತು ರೇಡಿಯೇಟರಿಗೆ ಕೊಡ ಕೊಡ ನೀರು ಹೊಯ್ದು ತುಕ್ಕು ಕಳೆಯುತ್ತಿದ್ದ. ನನ್ನನ್ನು ನೋಡಿ ತಲೆಯಾಡಿಸಿದ. ಪಂಪು ಕೂರುವ ಜಾಗದಲ್ಲಿ ನೀರು ಸೋರದಂತೆ ನಡುವೆ ಇಟ್ಟಿದ್ದ ಹಳೆಯ ಗ್ಯಾಸ್ಕೆಟ್ಟನ್ನು ಬ್ಲೇಡಿನಿಂದ ಹೆರೆದು, ಕೈಗೆ ನುಣುಪು ಹತ್ತುವವರೆಗೆ ಒರೆಸಿದೆ. ಇಲ್ಲಿ ಅವಸರ ಮಾಡಿದರೆ ಹೊಸ ಪಂಪೂ ಸೋರುತ್ತದೆ. ಹೊಸ ಗ್ಯಾಸ್ಕೆಟ್ಟಿನೊಂದಿಗೆ ಪಂಪು ಕೂರಿಸಿ, ಬೋಲ್ಟುಗಳನ್ನು ಒಂದರ ಎದುರು ಒಂದರಂತೆ ಸ್ವಲ್ಪ ಸ್ವಲ್ಪ ಬಿಗಿದೆ. ಬಿಗಿದದ್ದನ್ನೆಲ್ಲ ದುರ್ಗಪ್ಪ ಮತ್ತೊಮ್ಮೆ ಮುಟ್ಟಿ ನೋಡಿದ. ನಾನು ಬೇಡ ಅನ್ನಲಿಲ್ಲ.

ಸ್ಟೇರಿಂಗ್ ಪಂಪು ಕೂರಿಸಿ ಎಣ್ಣೆ ತುಂಬಿದ ಮೇಲೆ ಒಳಗಿನ ಗಾಳಿ ಹೊರಗೆ ಹೋಗಬೇಕು. ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಇಂಜಿನ್ನು ಹಚ್ಚದೆ, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಬೇಕು. ಹುಲಿಗೆಮ್ಮ ಸೀಟಿನಲ್ಲಿ ಕೂತು ತಿರುಗಿಸಿದಳು. ಎಣ್ಣೆಯ ಡಬ್ಬಿಯ ಮೇಲೆ ದುರ್ಗಪ್ಪ ಬಗ್ಗಿದ್ದ.

“ಇನ್ನೂ ಗುಳ್ಳಿ ಬರಾಕತ್ತಾವ. ಇನ್ನೊಮ್ಮೆ ತಿರುಗ್ಸು,” ಎಂದ. “ಸಾವಕಾಶ. ತುದಿಗೆ ಹೋದ ಮ್ಯಾಲ ಒತ್ತಬ್ಯಾಡ.”

ಗುಳ್ಳೆ ನಿಂತವು. ನೀರು ತುಂಬಿ, ಹೊಸ ಬೆಲ್ಟುಗಳನ್ನು ಹೆಬ್ಬೆರಳಿನಿಂದ ಒತ್ತಿ ಬಿಗುವು ನೋಡಿ, ಗಾಲಿ ಇಳಿಸಿ, ಬ್ಯಾಟರಿಯ ತಂತಿ ಜೋಡಿಸಿದೆ. ಎರಡು ಸಲ ಕೆಮ್ಮಿ ಇಂಜಿನ್ನು ಹತ್ತಿತು. ಹುಲಿಗೆಮ್ಮ ಸ್ಟೇರಿಂಗು ತಿರುಗಿಸಿದಳು. ಅದು ಅಷ್ಟು ಸುಲಭವಾಗಿ ತಿರುಗಿದ್ದಕ್ಕೆ ಅವಳು ಬೆಚ್ಚಿ ಕೈ ಹಿಂದಕ್ಕೆ ತೆಗೆದಳು. ಮತ್ತೆ ಮೆಲ್ಲಗೆ ಹಿಡಿದಳು.

“ರಾಯಚೂರಿಗೆ ಹೋಗೋಣ್ರಿ. ನಿಮ್ಮನ್ನ ನಿಮ್ಮ ಮನಿತನಾ ಬಿಡ್ತೀನಿ,” ಎಂದು ನನಗೆ ಹೇಳಿದಳು. ಗಂಡನನ್ನು ಕರೆಯಲಿಲ್ಲ. ನಾನು ಮುಂದೆ ಕೂತೆ. ಗಾಡಿ ಅಂಗಳ ದಾಟುವ ಮೊದಲು ಹಿಂದಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ದುರ್ಗಪ್ಪ ಹಿಂದೆ ಹತ್ತಿದ್ದ. ಬೆಂಚಿನ ಮೇಲೆ ಕೂರಲಿಲ್ಲ, ನಡುವೆ ನೆಲದ ಮೇಲೆ ಕೂತಿದ್ದ.

ಗಬ್ಬೂರಿನವರೆಗೆ ಕಾವು ತೋರಿಸುವ ಮುಳ್ಳನ್ನೇ ನಾನು ನೋಡುತ್ತಿದ್ದೆ, ಅವಳೂ ನೋಡುತ್ತಿದ್ದಳು. ಅದು ನಡುವಿಗೆ ಬಂದು ನಿಂತು ಅಲ್ಲಾಡಲಿಲ್ಲ. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ದುರ್ಗಪ್ಪನ ದನಿ ಬಂತು.

“ಇಲ್ಲೇ.”

“ಗೊತ್ತದ,” ಎಂದಳು ಹುಲಿಗೆಮ್ಮ. ಗಾಡಿ ನಿಧಾನ ಮಾಡಲಿಲ್ಲ. ಎರಡೂ ಕಡೆ ಹತ್ತಿ ಹೊಲ, ರಸ್ತೆ ಬದಿಗೆ ಜಾಲಿ. ನೋಡಲು ಅಲ್ಲಿ ಏನೂ ಇರಲಿಲ್ಲ.

ಅವಳು ನನ್ನ ಮನೆಯ ದಾರಿ ಕೇಳಲಿಲ್ಲ. ನೇರವಾಗಿ ದೊಡ್ಡಾಸ್ಪತ್ರೆಯ ಗೇಟಿನ ಮುಂದೆ ಹೋಗಿ ನಿಲ್ಲಿಸಿದಳು. ಇಂಜಿನ್ನು ಆರಿಸಿ, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಗೇಟಿನ ಕಡೆ ನೋಡುತ್ತ ಕೂತಳು. ಜನ ಬರುತ್ತಿದ್ದರು, ಹೋಗುತ್ತಿದ್ದರು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಒಬ್ಬ ಮುದುಕಿ ಆಟೋ ಹತ್ತಿದಳು.

“ಬರೇ ಇಷ್ಟ ದೂರ ಇತ್ತು ನೋಡ್ರಿ,” ಎಂದಳು ಹುಲಿಗೆಮ್ಮ.

ಯಾರಿಗೆ ಹೇಳಿದಳೋ ತಿಳಿಯದು. ನಾನು ಅಲ್ಲೇ ಇಳಿದು ಚೀಲ ಹೆಗಲಿಗೇರಿಸಿಕೊಂಡು ನಡೆದೆ.

ದುರ್ಗಪ್ಪ ಮತ್ತೆ ಗಾಡಿ ಓಡಿಸಲಿಲ್ಲ. ಅಣ್ಣತಮ್ಮಂದಿರ ಕುರಿಗಳೊಂದಿಗೆ ಹೋಗುತ್ತಾನೆ. ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಹೆಂಗಸರನ್ನು ಒಯ್ಯುವವಳು ಹುಲಿಗೆಮ್ಮ. ನಾನು ಗ್ಯಾರೇಜು ಮುಚ್ಚಿದ ವರ್ಷದ ಸುಗ್ಗಿಯಲ್ಲಿ ಒಂದು ಬೆಳಗ್ಗೆ ದುರ್ಗಪ್ಪನ ಫೋನು ಬಂತು. “ಒಂದು ಹನಿ ಕಂಡದ್ರಿ ಯಪ್ಪಾ. ಗಾಡಿ ನಿಲ್ಲಸೀನಿ. ಬರ್ರಿ.”

ಹೋದೆ. ಹೆಂಗಸರು ಬುತ್ತಿ ಹಿಡಿದುಕೊಂಡು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಅವರ ಬೈಗುಳಕ್ಕೂ ಬಗ್ಗದೆ ದುರ್ಗಪ್ಪ ಗಾಡಿಗೆ ಅಡ್ಡ ನಿಂತಿದ್ದ. ಪಂಪು ಚೆನ್ನಾಗಿಯೇ ಇತ್ತು. ಮೇಲಿನ ರಬ್ಬರ್ ಪೈಪಿನ ಪಟ್ಟಿ ಸ್ವಲ್ಪ ಸಡಿಲಾಗಿತ್ತು, ಅಷ್ಟೇ. ಬಿಗಿದೆ. “ಖಾತ್ರಿ ಏನ್ರಿ?” ಎಂದು ಕೇಳಿದ. ಖಾತ್ರಿ ಎಂದೆ. ಮತ್ತೆ ಕೇಳಿದ. ಮತ್ತೆ ಹೇಳಿದೆ. ಹುಲಿಗೆಮ್ಮ ಹೆಂಗಸರನ್ನು ಹತ್ತಿಸಿಕೊಂಡು ಹೊರಟಳು.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ದುರ್ಗಪ್ಪ ಅದು ನಿಂತಿದ್ದ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ನೆಲದ ಮೇಲೆ ಅಂಗೈ ಇಟ್ಟು ನೋಡಿದ. ನೆಲ ಒಣಗಿತ್ತು. ಆದರೂ ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲ.